ಕೂಪರ್ಸ್‌ಟೌನಿನ ಚೆಂಡು ಮತ್ತು ಚೀಟಿ

ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಕಟ್ಟಡಗಳು, ದೀಪ ಎತ್ತಿ ಹಿಡಿದ ಸ್ವಾತಂತ್ರ್ಯ ದೇವಿ, ಜನಜಂಗುಳಿ ಇವೇ ನಿಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಯುವ ಮಿತ್ರರೇ, ನ್ಯೂಯಾರ್ಕ್ ಒಂದು ನಗರದ ಹೆಸರಷ್ಟೇ ಅಲ್ಲ, ಒಂದು ದೊಡ್ಡ ರಾಜ್ಯದ ಹೆಸರೂ ಹೌದು. ನಗರವನ್ನು ಹಿಂದೆ ಬಿಟ್ಟು ಉತ್ತರಕ್ಕೆ ಸುಮಾರು ನಾಲ್ಕು ಗಂಟೆ ಕಾರಿನಲ್ಲಿ ಹೋದರೆ ಬೇರೆಯೇ ಒಂದು ಲೋಕ ತೆರೆದುಕೊಳ್ಳುತ್ತದೆ. ಹಸಿರು ಗುಡ್ಡಗಳು, ಮೇಯುವ ಹಸುಗಳು, ಕೆಂಪು ಬಣ್ಣ ಬಳಿದ ದೊಡ್ಡ ದೊಡ್ಡ ಕೊಟ್ಟಿಗೆಗಳು. ನಮ್ಮ ಮಲೆನಾಡಿನವರು ನೋಡಿದರೆ ಅಡಿಕೆ ತೋಟ ಒಂದು ಇಲ್ಲ ಎಂದಾರು, ಅಷ್ಟೇ. ಆ ಗುಡ್ಡಗಳ ನಡುವೆ, ಒಟ್ಸೇಗೋ ಎಂಬ ಉದ್ದನೆಯ ಸರೋವರದ ದಕ್ಷಿಣ ತುದಿಯಲ್ಲಿ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ 2,000ಕ್ಕೂ ಕಡಿಮೆ. ಡೊಂಬಿವಲಿಯ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದಾರು.

ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನಮ್ಮನ್ನು ಇಲ್ಲಿಗೆ ಕರೆದುಕೊಂಡು ಹೋದರು. ಅವರಿಗೆ ಬೇಸ್‌ಬಾಲ್ ಆಟದ ಹುಚ್ಚು. ನನಗೋ, ಗಾವಸ್ಕರ್ ಮತ್ತು ವಿಶ್ವನಾಥ್ ಕಾಲದಿಂದಲೂ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಆಟವೇ ಅಲ್ಲ. ಆದರೂ ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಿಗೆ ಈ ಊರಿನ ಹೆಸರಿನಲ್ಲಿ ಒಂದು ಆಕರ್ಷಣೆ ಇತ್ತು. ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಬರೆದ ಜೇಮ್ಸ್ ಫೆನಿಮೋರ್ ಕೂಪರ್‌ನ ತಂದೆ 1786ರಲ್ಲಿ ಕಟ್ಟಿದ ಊರಿದು. ಸರೋವರದ ತುದಿಯಲ್ಲಿ ಸಣ್ಣ ಹಳ್ಳದಂತೆ ಹೊರಡುವ ನೀರು ಮುಂದೆ ಸಸ್ಕ್ವೆಹಾನಾ ಎಂಬ ಮಹಾನದಿಯಾಗುತ್ತದೆ. ತಲಕಾವೇರಿ ನೋಡಿದವರಿಗೆ ಅದರ ಸೊಗಸು ಹೇಳಬೇಕಾಗಿಲ್ಲ. ದಡದ ಬೆಂಚಿನ ಮೇಲೆ ಕುಳಿತು ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ತಿಂದೆವು.

ಈ ಊರು ಇಂದು ಹೆಸರಾಗಿರುವುದು ಕೂಪರ್‌ನಿಂದಲ್ಲ, ಬೇಸ್‌ಬಾಲ್‌ನಿಂದ. 1939ರಲ್ಲಿ ಇಲ್ಲಿ ತೆರೆದ ಬೇಸ್‌ಬಾಲ್ ಕೀರ್ತಿಭವನ ಆ ಆಟದ ಅಭಿಮಾನಿಗಳಿಗೆ ಒಂದು ತೀರ್ಥಕ್ಷೇತ್ರ. ತೀರ್ಥಕ್ಷೇತ್ರ ಎಂದ ಮೇಲೆ ಸ್ಥಳಪುರಾಣ ಇರಲೇಬೇಕಲ್ಲ! ಇಲ್ಲಿಯ ಪುರಾಣ ಹೀಗಿದೆ: 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬುವನು ಇದೇ ಊರಿನ ಒಂದು ಬಯಲಿನಲ್ಲಿ ಬೇಸ್‌ಬಾಲ್ ಆಟವನ್ನು ಕಂಡುಹಿಡಿದ. 1905ರಲ್ಲಿ ಆಟದ ಮೂಲ ಹುಡುಕಲು ನೇಮಿಸಿದ ಒಂದು ಸಮಿತಿ, ಒಬ್ಬ ವೃದ್ಧನು ಬರೆದ ಪತ್ರವನ್ನು ನಂಬಿ, ಇದನ್ನೇ ತೀರ್ಮಾನವೆಂದು ಸಾರಿತು. ಆದರೆ ಆ ವರ್ಷ ಡಬಲ್‌ಡೇ ದೂರದ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದ. ಇತಿಹಾಸಕಾರರು ಈ ಕಥೆಯನ್ನು ಎಂದೋ ತಳ್ಳಿಹಾಕಿದ್ದಾರೆ.

ಇನ್ನೂ ಸ್ವಾರಸ್ಯವಿದೆ. 1930ರ ದಶಕದಲ್ಲಿ ಹತ್ತಿರದ ಫ್ಲೈ ಕ್ರೀಕ್ ಎಂಬ ಹಳ್ಳಿಯ ಮನೆಯೊಂದರ ಅಟ್ಟದಲ್ಲಿ ಹಳೆಯ ಪೆಟ್ಟಿಗೆಯೊಳಗೆ ಹರಿದುಹೋದ ಒಂದು ಚೆಂಡು ಸಿಕ್ಕಿತು. ಪೆಟ್ಟಿಗೆ ಪತ್ರ ಬರೆದ ಆ ವೃದ್ಧನದೇ ಎಂದರು. ಹಾಗಾದರೆ ಚೆಂಡು ಡಬಲ್‌ಡೇ ಆಡಿದ್ದೇ ಇರಬೇಕು ಎಂದರು! ಸಿಂಗರ್ ಹೊಲಿಗೆ ಯಂತ್ರದಿಂದ ಸಿರಿವಂತರಾದ ಕ್ಲಾರ್ಕ್ ಮನೆತನದ ಸ್ಟೀಫನ್ ಕ್ಲಾರ್ಕ್ ಅದನ್ನು 5 ಡಾಲರಿಗೆ ಕೊಂಡರು. ನಿಮ್ಮ ಅಜ್ಜಿಯಂದಿರ ಮನೆಯಲ್ಲಿ ಸಿಂಗರ್ ಯಂತ್ರ ಇದ್ದಿರಬಹುದು, ಕೇಳಿ ನೋಡಿ. ಆ ಚೆಂಡಿನ ಸುತ್ತಲೇ ಇಷ್ಟು ದೊಡ್ಡ ಸಂಗ್ರಹಾಲಯ ಬೆಳೆಯಿತು.

ಗಾಜಿನ ಹಿಂದಿದ್ದ ಆ ಚೆಂಡಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಹೊಲಿಗೆ ಬಿಚ್ಚಿ, ಒಳಗಿನ ತುಂಬು ಹೊರಬಿದ್ದ ಬಡ ಚೆಂಡು. ಡಬಲ್‌ಡೇ ಕಥೆ ಬರೀ ಕಥೆ ಎಂದು ಸಂಗ್ರಹಾಲಯವೇ ಈಗ ಒಪ್ಪುತ್ತದೆ. ಆದರೂ ಚೆಂಡನ್ನು ಬಚ್ಚಿಟ್ಟಿಲ್ಲ, ಎಸೆದೂ ಇಲ್ಲ. ಇನ್ನೊಂದು ಮಾತು: ಈ ಸಂಗ್ರಹಾಲಯ ಈಗ ಯಾವ ವಸ್ತುವನ್ನೂ ಹಣ ಕೊಟ್ಟು ಕೊಳ್ಳುವುದಿಲ್ಲ. ದಾನವಾಗಿ ಬಂದದ್ದನ್ನು ಮಾತ್ರ ಸ್ವೀಕರಿಸುತ್ತದೆ.

ಕಂಚಿನ ಫಲಕಗಳ ಹಜಾರ ದಾಟಿ ಹೋದರೆ ಬೇಸ್‌ಬಾಲ್ ಕಾರ್ಡುಗಳ ವಿಭಾಗ. ನೀವು ಚಿಕ್ಕವರಿದ್ದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಕೂಡಿಹಾಕಿರಬಹುದು. ಇವು ಅವುಗಳ ಮುತ್ತಜ್ಜಂದಿರು. ನೂರು ವರ್ಷಗಳ ಹಿಂದೆ ಸಿಗರೇಟು ಪ್ಯಾಕಿನೊಳಗೆ ಇಂಥ ಚೀಟಿಗಳನ್ನು ಇಡುತ್ತಿದ್ದರು. ಇಸ್ಪೀಟೆಲೆಗಿಂತ ಚಿಕ್ಕವು. ಅವುಗಳಲ್ಲಿ ಮಹಾರಾಜನೆಂದರೆ 1909ರಿಂದ 1911ರವರೆಗೆ ಬಂದ ಸರಣಿಯ ಹೋನಸ್ ವ್ಯಾಗ್ನರ್ ಚೀಟಿ. ವ್ಯಾಗ್ನರ್ 1936ರಲ್ಲಿ ಕೀರ್ತಿಭವನಕ್ಕೆ ಆಯ್ಕೆಯಾದ ಮೊದಲ ಐವರಲ್ಲಿ ಒಬ್ಬರು. ತಮ್ಮ ಚಿತ್ರ ತಂಬಾಕಿನ ಜೊತೆ ಹೋಗುವುದನ್ನು ಅವರು ತಡೆದರೆಂದು ಕೆಲವರು ಹೇಳುತ್ತಾರೆ, ಹಣ ಕೊಡಲಿಲ್ಲವೆಂದು ತಡೆದರೆಂದು ಇನ್ನು ಕೆಲವರು. ಅಂತೂ ಅಚ್ಚು ಬೇಗ ನಿಂತಿತು. ಉಳಿದಿರುವುದು ಕೆಲವೇ ಹತ್ತುಗಳಷ್ಟು. 2022ರಲ್ಲಿ ಇಂಥ ಒಂದು ಚೀಟಿ 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು.

ವ್ಯಾಗ್ನರ್ ಚೀಟಿಗಳಲ್ಲೆಲ್ಲ ಹೆಚ್ಚು ಹೆಸರು ಮಾಡಿದ ಒಂದರ ಕಥೆಯನ್ನು ನಿಮಗೆ ಹೇಳಬೇಕು. 1985ರಲ್ಲಿ ಬಿಲ್ ಮಾಸ್ಟ್ರೊ ಎಂಬ ವ್ಯಾಪಾರಿ ಅದನ್ನು 25 ಸಾವಿರ ಡಾಲರಿಗೆ ಕೊಂಡರು. 1991ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವರ ಜೊತೆಗಾರ ಅದಕ್ಕೆ 4 ಲಕ್ಷ 51 ಸಾವಿರ ಡಾಲರ್ ತೆತ್ತರು. ಚೀಟಿಗಳ ಗುಣಮಟ್ಟ ಅಳೆದು ಅಂಕ ಕೊಡುವ ಕಂಪನಿಯೊಂದು ಅದಕ್ಕೆ ಹತ್ತರಲ್ಲಿ ಎಂಟು ಅಂಕ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಹಾಕಿ, ತನ್ನ ಮೊಟ್ಟಮೊದಲನೆಯ ಕ್ರಮಸಂಖ್ಯೆಯನ್ನೂ ನೀಡಿತು. 2007ರಲ್ಲಿ ಅದೇ ಚೀಟಿ 28 ಲಕ್ಷ ಡಾಲರಿಗೆ ಹೋಯಿತು. ಎಂಬತ್ತು ವರ್ಷ ಕಳೆದ ಕಾಗದದ ಅಂಚು ಅಷ್ಟು ಚೂಪಾಗಿ ಉಳಿದದ್ದೇ ಅದರ ಹಿರಿಮೆ.

ಆ ಅಂಚು ಚೂಪಾಗಿದ್ದದ್ದಕ್ಕೆ ಕಾರಣ ಕತ್ತರಿಸಿದ್ದು! ಗುಮಾನಿ ಬಹಳ ಕಾಲದಿಂದ ಇತ್ತು. 2007ರಲ್ಲಿ ಇಬ್ಬರು ಪತ್ರಕರ್ತರು ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಕೊನೆಗೆ 2013ರಲ್ಲಿ ಮಾಸ್ಟ್ರೊ ನ್ಯಾಯಾಲಯದಲ್ಲಿ ತಾವೇ ಅಂಚು ಕತ್ತರಿಸಿದ್ದೆಂದು ಒಪ್ಪಿಕೊಂಡರು. ಹಾಗೆ ನೋಡಿದರೆ ಅಂಚು ಕತ್ತರಿಸಿದ ಚೀಟಿಯನ್ನು ಹೇಳಿ ಮಾರುವುದು ತಪ್ಪಲ್ಲ. ಹೇಳದೆ ಮಾರುವುದು ಮೋಸ.

ಆದರೆ ಅವರು ನ್ಯಾಯಾಲಯಕ್ಕೆ ಬಂದದ್ದು ಕತ್ತರಿಯ ಕಾರಣಕ್ಕಷ್ಟೇ ಅಲ್ಲ. ಶಿಕಾಗೋ ಬಳಿ ಅವರು ನಡೆಸುತ್ತಿದ್ದ ಹರಾಜು ಮನೆ ಕ್ರೀಡಾ ಸ್ಮರಣಿಕೆಗಳ ವ್ಯಾಪಾರದಲ್ಲಿ ಆ ದೇಶದ ಅತಿ ದೊಡ್ಡವುಗಳಲ್ಲಿ ಒಂದಾಗಿತ್ತು. ಅಲ್ಲಿ ವರ್ಷಗಟ್ಟಲೆ ಸುಳ್ಳು ಕೂಗುಗಳ ಮೂಲಕ ಬೆಲೆ ಏರಿಸಲಾಗಿತ್ತು. 2009ರಲ್ಲಿ ಆ ಮನೆ ಮುಚ್ಚಿತು, 2012ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು, 2015ರಲ್ಲಿ ಮಾಸ್ಟ್ರೊ ಅವರಿಗೆ 20 ತಿಂಗಳ ಸೆರೆವಾಸದ ಶಿಕ್ಷೆ ಆಯಿತು.

ಸುಳ್ಳು ಕೂಗು ಎಂದರೇನು? ಹರಾಜನ್ನು ನಿಮ್ಮಲ್ಲಿ ಕೆಲವರು ರಜೆಗೆ ಊರಿಗೆ ಹೋದಾಗ ನೋಡಿರುತ್ತೀರಿ. ನಮ್ಮ ಕರಾವಳಿಯಲ್ಲಿ ಅದಕ್ಕೆ ಏಲಂ ಎನ್ನುತ್ತಾರೆ. ದೇವರಿಗೆ ಹರಕೆ ಬಂದ ಹಲಸಿನ ಹಣ್ಣನ್ನೋ ಬಾಳೆಗೊನೆಯನ್ನೋ ಜಾತ್ರೆಯಲ್ಲಿ ಏಲಂ ಹಾಕುತ್ತಾರೆ. ಐವತ್ತು ರೂಪಾಯಿಯ ಹಲಸು ಸಾವಿರಕ್ಕೆ ಏರುತ್ತದೆ. ಅದರಲ್ಲಿ ಮೋಸವಿಲ್ಲ. ಕೂಗಿದವರ ಮುಖ ಎಲ್ಲರಿಗೂ ಕಾಣುತ್ತದೆ, ಅವರು ನಿಜವಾಗಿ ಹಣ ಕೊಡುತ್ತಾರೆ, ಆ ಹಣ ದೇವಸ್ಥಾನಕ್ಕೆ ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸುಳ್ಳು ಕೂಗಿನಲ್ಲಿ ಈ ಮೂರೂ ಇರುವುದಿಲ್ಲ. ಕೂಗುವವನು ಮಾರುವವನ ಕಡೆಯವನೇ. ಕೊಳ್ಳುವ ಉದ್ದೇಶ ಅವನಿಗಿಲ್ಲ. ನಿಮ್ಮನ್ನು ಇನ್ನೊಂದು ಮೆಟ್ಟಿಲು ಹತ್ತಿಸಿ ಮೆಲ್ಲನೆ ಜಾರಿಕೊಳ್ಳುತ್ತಾನೆ. ಈಗಂತೂ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಕೂಗು. ಎದುರಾಳಿಯ ಮುಖ ಕಾಣುವುದೇ ಇಲ್ಲ. ‘ಇಷ್ಟರವರೆಗೆ ಹೋಗುತ್ತೇನೆ’ ಎಂದು ನಿಮ್ಮ ಮಿತಿಯನ್ನು ಮೊದಲೇ ಬರೆದುಕೊಟ್ಟರೆ, ಅದು ಹರಾಜು ಮನೆಯ ಕೈಗೆ ನಿಮ್ಮ ಪರ್ಸನ್ನೇ ಬಿಚ್ಚಿ ತೋರಿಸಿದಂತೆ. ಅವರು ಪ್ರಾಮಾಣಿಕರಾಗಿದ್ದರೆ ಸರಿ. ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಕೂಪರ್ಸ್‌ಟೌನಿನ ಮೇನ್ ಸ್ಟ್ರೀಟಿನ ಇಕ್ಕೆಲಗಳಲ್ಲೂ ಇಟ್ಟಿಗೆ ಕಟ್ಟಡಗಳು. ಹೆಚ್ಚಿನವು ಬ್ಯಾಟು, ಟೋಪಿ, ಹಳೆಯ ಕಾರ್ಡು ಮಾರುವ ಅಂಗಡಿಗಳು. ಅಳಿಯಂದಿರು ಬ್ಯಾಟಿನ ಮೇಲೆ ಹೆಸರು ಕೆತ್ತಿಸುತ್ತಿದ್ದಾಗ ನಾನು ಅಲ್ಲಿಯ ವೃದ್ಧ ಅಂಗಡಿಯವರೊಡನೆ ಮಾತಿಗಿಳಿದೆ. ಮಾಸ್ಟ್ರೊ ಪ್ರಕರಣದ ಬಗ್ಗೆ ಕೇಳಿದಾಗ ಅವರು ನಕ್ಕು, “ನಮಗೆಲ್ಲ ಗುಮಾನಿ ಇತ್ತಮ್ಮ. ಆದರೆ ಒಳ್ಳೆಯ ಮಾಲು ಅವರ ಹತ್ತಿರವೇ ಬರುತ್ತಿತ್ತಲ್ಲ” ಎಂದರು.

ಈ ಮಾತು ನನ್ನನ್ನು ಅಲ್ಲಿಂದ ನೇರ ಮುಲುಂದಿಗೆ ತಂದುಬಿಟ್ಟಿತು. ನಮ್ಮ ಕಟ್ಟಡದಲ್ಲೇ ಮೈಸೂರು ಕಡೆಯ ಒಂದು ಕುಟುಂಬವಿದೆ. ಅವರ ಮಗನಿಗೆ ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ನೋಡಿ ಬಂದಂದಿನಿಂದ ಹಳೆಯ ನಾಣ್ಯಗಳ ಗೀಳು. ಕನ್ನಡ ಓದಲು ಬಾರದ ಹುಡುಗ ನಾಣ್ಯದ ಮೇಲಿನ ಅಕ್ಷರ ಗುರುತಿಸಲೆಂದೇ ನನ್ನ ಹತ್ತಿರ ಬಂದು ಅ ಆ ಇ ಈ ಕಲಿತ. ಅವನಿಗೆ ಬೇಕಾದದ್ದು ಒಂದು ಕಂಠೀರಾಯ ಹಣ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ, ನರಸಿಂಹನ ಮೂರ್ತಿ ಇರುವ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಚಿನ್ನದ ನಾಣ್ಯ. ಅಜ್ಜನ ಊರಿನ ಒಂದು ತುಣುಕು ತನ್ನ ಕೈಯಲ್ಲಿರಬೇಕೆಂಬ ಆಸೆ. ಕೆಲಸಕ್ಕೆ ಸೇರಿ ಹಣ ಕೂಡಿಟ್ಟಿದ್ದ. ಹರಾಜಿಗೆ ಬರಲಿದ್ದ ಒಂದನ್ನು ನೋಡಿಯೂ ಇದ್ದ. ಆದರೆ ಆ ಹರಾಜಿನವರು ತಮ್ಮವರಿಂದಲೇ ಕೂಗಿಸುತ್ತಾರೆಂದು ಅವನ ಬಳಗದಲ್ಲೆಲ್ಲ ಮಾತು. “ಗೊತ್ತು ಆಂಟಿ, ಅವರು ಹಾಗೇ. ಆದರೆ ನಾಣ್ಯ ಅಸಲಿ. ಮತ್ತೆ ಅದು ಅವರಲ್ಲೇ ಇದೆ” ಎಂದಿದ್ದ. ಒಂದು ಸಮುದ್ರದ ಆಚೆ, ಒಂದು ಈಚೆ. ಮಾತು ಮಾತ್ರ ಒಂದೇ!

ಯುವ ಮಿತ್ರರೇ, ನಾಣ್ಯವಿರಲಿ, ಅಂಚೆಚೀಟಿಯಿರಲಿ, ಆಟಗಾರರ ಹಸ್ತಾಕ್ಷರ, ಹಳೆಯ ಸಿನಿಮಾ ಪೋಸ್ಟರ್, ಪೊಕೆಮಾನ್ ಕಾರ್ಡು ಏನೇ ಇರಲಿ, ಸಂಗ್ರಹದ ಹವ್ಯಾಸಕ್ಕೆ ಬಿದ್ದವರೆಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಮಾರುವವನು ಸರಿಯಿಲ್ಲ, ವಸ್ತು ಸರಿಯಿದೆ. ಕೊಳ್ಳಬಹುದೇ? ನಾನು ಕೇಳಿದ ಮೂರು ಸಮರ್ಥನೆಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ‘ನನ್ನ ವಸ್ತು ಅಸಲಿ, ಉಳಿದದ್ದು ನನಗೇಕೆ?’ ವಸ್ತು ಅಸಲಿ ಇರಬಹುದು, ಬೆಲೆ ಅಸಲಿಯಲ್ಲ. ಹರಾಜಿನಲ್ಲಿ ಬಿದ್ದ ಬೆಲೆ ಅಲ್ಲಿಗೇ ನಿಲ್ಲುವುದಿಲ್ಲ. ಅದು ದಾಖಲಾಗುತ್ತದೆ. ನಾಳೆ ಇನ್ನೊಬ್ಬ ವ್ಯಾಪಾರಿ ಅದನ್ನೇ ತೋರಿಸಿ ‘ಮಾರುಕಟ್ಟೆ ದರ ಇಷ್ಟು’ ಎನ್ನುತ್ತಾನೆ. ನೀವು ತೆತ್ತ ಸುಳ್ಳು ಬೆಲೆಯನ್ನು ನಿಜವೆಂದು ನಂಬಿ ಎಲ್ಲೋ ಹುಬ್ಬಳ್ಳಿಯಲ್ಲಿ, ಇನ್ನೆಲ್ಲೋ ಹೈದರಾಬಾದಿನಲ್ಲಿ ಕಾಲೇಜು ಹುಡುಗನೊಬ್ಬ ತನ್ನ ಉಳಿತಾಯ ಕೊಡುತ್ತಾನೆ. ಅಲ್ಲದೆ ನೀವು ಕೊಟ್ಟ ಕಮಿಷನ್ ಹಣವೇ ಮುಂದಿನ ಹರಾಜಿನ ಬಣ್ಣದ ಕ್ಯಾಟಲಾಗ್ ಆಗುತ್ತದೆ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದ ಗಾದೆ ನಿಮಗೆ ಗೊತ್ತಿರಬಹುದು. ಲೋಕ ಹೆಂಡವೆಂದು ತಿಳಿಯುತ್ತದೆ ಎಂದು ಅದರ ಅರ್ಥ. ಇಲ್ಲಿ ಒಂದು ಹೆಜ್ಜೆ ಹೆಚ್ಚು. ಮಜ್ಜಿಗೆಗೆ ನೀವು ಕೊಟ್ಟ ಹಣದಲ್ಲೇ ಹೆಂಡದಂಗಡಿ ನಡೆಯುತ್ತದೆ.

ಎರಡನೆಯದು, ‘ಎಲ್ಲರೂ ಹಾಗೇ.’ ದೊಡ್ಡ ಹೆಸರಿನವರೂ ಸಿಕ್ಕಿಬಿದ್ದಿದ್ದಾರೆ ಎಂಬುದು ನಿಜ. ಜಗತ್ತಿನ ಎರಡು ಅತಿ ದೊಡ್ಡ ಹರಾಜು ಸಂಸ್ಥೆಗಳಾದ ಸದಬೀಸ್ ಮತ್ತು ಕ್ರಿಸ್ಟೀಸ್ ಕಮಿಷನ್ ದರದಲ್ಲಿ ಒಳಒಪ್ಪಂದ ಮಾಡಿಕೊಂಡಿದ್ದಕ್ಕೆ ಸದಬೀಸ್‌ನ ಮಾಜಿ ಅಧ್ಯಕ್ಷರಿಗೆ 2002ರಲ್ಲಿ ಜೈಲುಶಿಕ್ಷೆಯಾಯಿತು. ಆದರೆ ಎಲ್ಲರೂ ಹಾಗೇ ಎಂದು ಹೇಳಿ ಲಾಭ ಪಡೆಯುವವನು ಹಾಗಿರುವವನೇ. ನಿಷ್ಠೆಯಿಂದ ಸಣ್ಣ ಅಂಗಡಿ ನಡೆಸುವವನಿಗೆ ಆ ಮಾತಿನಿಂದ ನಷ್ಟ. ನಾಣ್ಯದಲ್ಲಿ ಗೀರು ಇದ್ದರೆ ಗೀರು ಇದೆ ಎಂದು ಹೇಳಿ ಕಡಿಮೆಗೆ ಮಾರುವ ವ್ಯಾಪಾರಿಗಳು ನಮ್ಮ ಮುಂಬಯಿಯಲ್ಲೂ ಇದ್ದಾರೆ. ಅವರಿಗೆ ಗಿರಾಕಿ ಬೇಡವೇ?

ಮೂರನೆಯದು, ‘ನಾನೊಬ್ಬ ಬಿಟ್ಟರೆ ಏನಾದೀತು?’ ಹರಾಜು ಮನೆಗೆ ಬಂಡವಾಳ ಎಂದರೆ ವಿಶ್ವಾಸ. ಅದು ಹೋದರೆ ಎಂಥವರೂ ತಲೆಬಾಗುತ್ತಾರೆ. 1997ರಲ್ಲಿ ಪೀಟರ್ ವಾಟ್ಸನ್ ಎಂಬ ಪತ್ರಕರ್ತರು ಭಾರತವೂ ಸೇರಿದಂತೆ ಹಲವು ದೇಶಗಳಿಂದ ಕಳ್ಳತನದಲ್ಲಿ ಸಾಗಿಸಿದ ಪುರಾತನ ವಸ್ತುಗಳು ಸದಬೀಸ್ ಹರಾಜಿಗೆ ಬರುತ್ತಿದ್ದ ಬಗೆಯನ್ನು ಬಯಲಿಗೆಳೆದರು. ಆ ವರ್ಷವೇ ಆ ಸಂಸ್ಥೆ ಲಂಡನ್ನಿನಲ್ಲಿ ನಡೆಸುತ್ತಿದ್ದ ಪುರಾತನ ವಸ್ತುಗಳ ಹರಾಜನ್ನು ನಿಲ್ಲಿಸಿತು. ಮೊದಲು ಕೆಲವರು ‘ನಮಗೆ ಬೇಡ’ ಎನ್ನಬೇಕು. ಆಮೇಲೆ ಉಳಿದದ್ದು.

ಕಾನೂನೂ ನಿಮ್ಮ ಕಡೆ ಇದೆ ಎಂಬುದನ್ನು ತಿಳಿದಿರಿ. ನಮ್ಮ 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನ ಪ್ರಕಾರ, ಮಾರುವವನು ಸುಳ್ಳು ಕೂಗಿನಿಂದ ಬೆಲೆ ಏರಿಸಿದ್ದರೆ ಕೊಂಡವನು ಆ ವ್ಯವಹಾರವನ್ನು ರದ್ದುಮಾಡಬಹುದು. ಇನ್ನು, ‘ಹೊಲ ಉಳುವಾಗ ಸಿಕ್ಕಿದ್ದು, ಈಗಷ್ಟೇ ಬಂದದ್ದು’ ಎಂದು ಯಾರಾದರೂ ಪಿಸುಗುಟ್ಟಿ ನಾಣ್ಯ ತೋರಿಸಿದರೆ ಹಿಗ್ಗಬೇಡಿ. 1878ರ ನಿಧಿ ಕಾಯಿದೆಯಂತೆ ನೆಲದಲ್ಲಿ ಸಿಕ್ಕ, 10 ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರಿಗೆ ತಿಳಿಸಲೇಬೇಕು. ಮಾರುವವನು ತನ್ನ ಅಪರಾಧವನ್ನೇ ಜಾಹೀರಾತು ಮಾಡುತ್ತಿದ್ದಾನೆ ಎಂದಾಯಿತು. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ನಾವು ನೀವು ದೇಶದ ಹೊರಗೆ ಒಯ್ಯುವಂತಿಲ್ಲ. ಪರದೇಶಕ್ಕೆ ಓದಲು ಹೋಗುವವರು ಇದನ್ನು ನೆನಪಿಡಿ.

ಮುಲುಂದಿನ ಹುಡುಗ ಏನು ಮಾಡಿದ ಎಂದು ಕೇಳುತ್ತೀರಲ್ಲವೇ? ನಾನು ಊರಿಗೆ ಮರಳಿದ ಮೇಲೆ ಇಬ್ಬರೂ ಕುಳಿತು ಹರಾಜಿನವರಿಗೆ ಮೂರು ಪ್ರಶ್ನೆ ಬರೆದೆವು. ಈ ನಾಣ್ಯ ಈ ಹಿಂದೆ ಯಾರ ಸಂಗ್ರಹದಲ್ಲಿತ್ತು? ನಕಲಿ ಎಂದು ತಿಳಿದುಬಂದರೆ ಹಣ ವಾಪಸು ಕೊಡುವಿರಾ? ನೀವು ಅಥವಾ ನಿಮ್ಮ ಸಿಬ್ಬಂದಿ ಈ ಹರಾಜಿನಲ್ಲಿ ಕೂಗುವುದುಂಟೇ? ಮೊದಲೆರಡಕ್ಕೆ ವಿನಯದ ಉತ್ತರ ಬಂತು. ಮೂರನೆಯದಕ್ಕೆ ಬರಲಿಲ್ಲ. ಇನ್ನೊಮ್ಮೆ ಕೇಳಿದ. ಆಗಲೂ ಬರಲಿಲ್ಲ. ಅವನು ಕೂಗಲಿಲ್ಲ. ನಾಣ್ಯ ಬೇರೆ ಯಾರಿಗೋ ಹೋಯಿತು. ಅದೂ ಅವನು ಎಣಿಸಿದ್ದಕ್ಕಿಂತ ಕಡಿಮೆ ಬೆಲೆಗೆ.

ಆ ಸಂಜೆ ಅವನು ಬಂದು, “ಕೊಂಡವನ ಹತ್ತಿರ ನಾಣ್ಯ ಇದೆ. ನನ್ನ ಹತ್ತಿರ ಏನಿದೆ ಆಂಟಿ?” ಎಂದು ಕೇಳಿದ. ಕೋಪವಿರಲಿಲ್ಲ, ನೋವಿತ್ತು. ಒಳ್ಳೆಯದು ಮಾಡಿದವನಿಗೆ ಕೂಡಲೇ ಒಳ್ಳೆಯದಾಗುತ್ತದೆ ಎಂದು ಹೇಳಿ ಅವನನ್ನು ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಹಾಗೆ ಯಾವಾಗಲೂ ಆಗುವುದಿಲ್ಲ ಎಂಬುದು ಅವನಿಗೂ ಗೊತ್ತು. ಆ ವ್ಯಾಗ್ನರ್ ಚೀಟಿಯನ್ನೇ ನೋಡಿ. ಕತ್ತರಿಯ ಕಥೆ ಲೋಕಕ್ಕೆಲ್ಲ ತಿಳಿದ ಮೇಲೂ ಅದಕ್ಕೆ ಮರ್ಯಾದೆ ಕಡಿಮೆಯಾಗಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟೇ. ಸಂಗ್ರಹ ಎಂದರೆ ವಸ್ತು ಮತ್ತು ಅದರ ಕಥೆ, ಎರಡೂ. ಐದು ಡಾಲರಿನ ಆ ಚೆಂಡನ್ನು ಕೂಪರ್ಸ್‌ಟೌನಿನವರು ಇಂದಿಗೂ ಧೈರ್ಯವಾಗಿ ತೋರಿಸುತ್ತಾರೆ, ಏಕೆಂದರೆ ಅದರ ಕಥೆಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳಲು ಅವರು ಅಂಜುವುದಿಲ್ಲ. ನಾಳೆ ನಿನ್ನ ಮಕ್ಕಳು ನಾಣ್ಯದ ಡಬ್ಬಿ ತೆರೆದು ‘ಇದನ್ನು ಎಲ್ಲಿಂದ ತಂದೆ ಅಪ್ಪಾ?’ ಎಂದು ಕೇಳಿದರೆ, ಯಾವ ನಾಣ್ಯದ ಹತ್ತಿರ ಬಂದಾಗಲೂ ಮಾತು ಬದಲಿಸುವ ಸಂದರ್ಭ ಬರಬಾರದು.

ಅವನು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಕಾಫಿ ಕುಡಿದು, ಮುಂದಿನ ತಿಂಗಳ ನಾಣ್ಯ ಮೇಳದಲ್ಲಿ ಯಾವ ಯಾವ ವ್ಯಾಪಾರಿಗಳು ಮಳಿಗೆ ಹಾಕುತ್ತಾರೆಂದು ಪಟ್ಟಿ ಮಾಡುತ್ತ ಕುಳಿತ. ಪ್ರತಿ ಹೆಸರಿನ ಮುಂದೆ ಆ ಮೂರು ಪ್ರಶ್ನೆಗಳಿಗೆ ಜಾಗ ಬಿಟ್ಟಿದ್ದ. ನಿಮ್ಮ ಹವ್ಯಾಸ ಯಾವುದೇ ಇರಲಿ, ಅಂಥ ಒಂದು ಪಟ್ಟಿ ನಿಮ್ಮ ಬಳಿಯೂ ಇರಲಿ. ಮತ್ತು ಎಂದಾದರೂ ಅಮೆರಿಕಕ್ಕೆ ಹೋದರೆ ಎತ್ತರದ ಕಟ್ಟಡಗಳನ್ನು ನೋಡಿದ ಮೇಲೆ ಒಂದು ದಿನ ಉಳಿಸಿಕೊಂಡು ಆ ಸರೋವರದ ಊರಿಗೂ ಹೋಗಿ ಬನ್ನಿ. ಚಿತ್ರಾನ್ನದ ಡಬ್ಬಿ ಮರೆಯಬೇಡಿ.